ಹುಟ್ಟು ಮಾಂತ್ರಿಕರ ಸುತ್ತೋಲೆ

ಕರಡಪ್ಪನವರ ನಿಜವಾದ ಹೆಸರು ಕಚೇರಿಯ ಸೇವಾ ಪುಸ್ತಕದಲ್ಲಿ ಇದ್ದೇ ಇತ್ತು. ಆದರೆ ಅದನ್ನು ತೆಗೆದು ನೋಡುವ ತೊಂದರೆಯನ್ನು ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ. ದೊಡ್ಡ ಕಚೇರಿಯಿಂದ ಹೊರಡುವ ಸುತ್ತೋಲೆ, ಜ್ಞಾಪನ, ನೋಟೀಸು ಎಲ್ಲದರ ಕರಡು ಬರೆಯುವವರು ಅವರು. ಆದ್ದರಿಂದ ಎದುರಿಗೆ ಕರಡಪ್ಪನವರು, ಬೆನ್ನ ಹಿಂದೆ ಕರಡಿ. ಎರಡನೆಯ ಹೆಸರೂ ಅವರ ಕಿವಿಗೆ ಬಿದ್ದಿತ್ತು. ಕರಡಿ ಬಲಶಾಲಿ ಪ್ರಾಣಿಯಾದ್ದರಿಂದ ಅದೂ ಹೊಗಳಿಕೆಯೇ ಎಂದು ಅವರು ಇಟ್ಟುಕೊಂಡಿದ್ದರು.

ತಮ್ಮಂತೆ ಕರಡು ಬರೆಯುವವನು ಇನ್ನೊಬ್ಬ ಹುಟ್ಟಿಲ್ಲ ಎಂಬುದು ಅವರ ನಂಬಿಕೆ. ಒಂದು ರೀತಿಯಲ್ಲಿ ಅದು ನಿಜ. ಅವರ ವಾಕ್ಯ ಸೋಮವಾರ ಹೊರಟರೆ ಕ್ರಿಯಾಪದ ಸಿಗುವ ಹೊತ್ತಿಗೆ ಗುರುವಾರ ಆಗುತ್ತಿತ್ತು. ನಡುವೆ ‘ಸದರಿ’, ‘ಮೇಲ್ಕಾಣಿಸಿದ’, ‘ಒಂದು ವೇಳೆ ಹಾಗಿಲ್ಲದಿದ್ದ ಪಕ್ಷದಲ್ಲಿ’ ಎಂಬ ನಿಲ್ದಾಣಗಳು. ಹೆಂಡತಿಯ ತಂಗಿ ಟೈಲರ್ ಅಂಗಡಿ ತೆರೆದಾಗ ಆಮಂತ್ರಣ ಪತ್ರ ಬರೆದುಕೊಟ್ಟವರೂ ಇವರೇ. ಅದನ್ನು ಓದಿದ ನೆಂಟರಲ್ಲಿ ಅರ್ಧ ಜನ ಅಂಗಡಿ ಜಪ್ತಿಯಾಗಿದೆ ಎಂದುಕೊಂಡು ಸಮಾಧಾನ ಹೇಳಲು ಬಂದಿದ್ದರು.

ಒಂದು ಸಂಜೆ ಊಟಕ್ಕೆ ಕೂತಾಗ, ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ ಎಂದಳು.

“ವಿಷಯ ಏನು?” ಎಂದು ಕರಡಪ್ಪನವರು ಕೇಳಿದರು. ವಿಷಯ ಯಾವುದಾದರೂ ಸರಿ, ಅಭಿಪ್ರಾಯ ಅವರ ಬಳಿ ಸಿದ್ಧವಾಗಿರುತ್ತಿತ್ತು.

“ಕಲ್ಪನಾಲೋಕದ ಕಥೆಗಳಲ್ಲಿ ಹುಟ್ಟಿನಿಂದಲೇ ಮಾಂತ್ರಿಕ ಶಕ್ತಿ ಇರೋರು ಬರ್ತಾರಲ್ಲ ಅಪ್ಪ, ಅಂಥವರ ಮೇಲೆ ನಿರ್ಬಂಧ ಹಾಕಬೇಕೋ ಬೇಡವೋ ಅಂತ. ನಾನು ಬೇಡ ಅನ್ನೋ ಕಡೆ.”

“ಬೇಡ ಅನ್ನೋಕೆ ಆಗೋದೇ ಇಲ್ಲ,” ಎಂದು ಅವರು ತುತ್ತು ಕೆಳಗಿಟ್ಟರು. “ಕೈಯಿಂದ ಬೆಂಕಿ ಬರೋ ಮನುಷ್ಯ ಬೀದೀಲಿ ಓಡಾಡ್ತಿದ್ದಾನೆ ಅಂದ್ಕೋ. ಅವನ ಹತ್ರ ಪರವಾನಗಿ ಇದೆಯಾ? ಯಾವ ಕಚೇರೀಲಿ ಹೆಸರು ಬರೆಸಿದ್ದಾನೆ?”

“ಅವನು ಹುಟ್ಟಿದ್ದೇ ಹಾಗೆ. ಅವನ ತಪ್ಪೇನು?”

“ತಪ್ಪು ಮಾಡಿದ ಮೇಲೆ ಹಿಡಿಯೋದು ಪೊಲೀಸರ ಕೆಲಸ. ಮಾಡೋಕೆ ಮೊದಲೇ ಹಿಡಿಯೋದಕ್ಕೆ ಆಡಳಿತ ಅಂತಾರೆ.”

“ಕಥೇಲಿ ಬರೋರನ್ನ ನೀವು ಎಲ್ಲಿ ಹಿಡೀತೀರಿ ರೀ? ಮೊದಲು ಊಟ ಮಾಡಿ,” ಎಂದಳು ಹೆಂಡತಿ.

ಆದರೆ ಕರಡಪ್ಪನವರಿಗೆ ಹುರುಪು ಬಂದುಬಿಟ್ಟಿತ್ತು. “ನೋಡಮ್ಮ, ನಿನ್ನ ಎದುರು ಪಕ್ಷದವರು ಏನೇನು ಹೇಳಬಹುದೋ ಅದನ್ನೆಲ್ಲ ನಾನು ಬರೆದುಕೊಡ್ತೀನಿ. ಅದಕ್ಕೆ ಉತ್ತರ ಹುಡುಕ್ಕೋ. ಸಿಗೋದಿಲ್ಲ, ಆದ್ರೂ ಹುಡುಕ್ಕೋ.”

ಮಗಳು ಬೇಡವೆನ್ನಲಿಲ್ಲ. ಅಪ್ಪನಿಗೆ ಬೇಡವೆಂದರೆ ಇನ್ನೂ ಉದ್ದ ಬರೆಯುತ್ತಾರೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಾರನೆಯ ದಿನ ಹನ್ನೊಂದು ಗಂಟೆಗೆ ಅವರು ಕಚೇರಿಯ ಮೇಜಿನ ಮೇಲೆ, ಕಚೇರಿಯ ಕಾಗದದಲ್ಲಿ, ಕಚೇರಿಯ ಹೊತ್ತಿನಲ್ಲಿ ಬರೆಯಲು ಕೂತರು. ಬರೆಯಬೇಕಾಗಿದ್ದದ್ದು ಭಾಷಣ. ಆದರೆ ಆ ಕೈಗೆ ಗೊತ್ತಿದ್ದದ್ದು ಒಂದೇ ದಾರಿ. ‘ವಿಷಯ: ಜನ್ಮಜಾತ ಮಾಂತ್ರಿಕರ ನೋಂದಣಿ ಮತ್ತು ನಿಯಂತ್ರಣ ಕುರಿತು’ ಎಂದು ಶುರುವಾಯಿತು. ಬಡಾವಣೆ ಕಚೇರಿಗಳು ತಮ್ಮ ವ್ಯಾಪ್ತಿಯ ಮಾಂತ್ರಿಕರ ಪಟ್ಟಿಯನ್ನು ಹದಿನೈದು ದಿನದೊಳಗೆ ಸಲ್ಲಿಸತಕ್ಕದ್ದು. ಸದರಿ ಮಾಂತ್ರಿಕರು ಹೊರಗೆ ಬರುವಾಗ ದಪ್ಪ ಉಣ್ಣೆಯ ಕೈಗವಸು ಹಾಕಿಕೊಳ್ಳತಕ್ಕದ್ದು. ಕೆಲಸದ ಜಾಗದಲ್ಲಿ ಇತರರಿಂದ ಆರು ಅಡಿ ದೂರ ಇರತಕ್ಕದ್ದು. ಬಾಗಿಲಿಗೆ ಹಳದಿ ಹಲಗೆ ತೂಗುಹಾಕತಕ್ಕದ್ದು. ಸಾಕ್ಷಿಯ ಸಮ್ಮುಖದಲ್ಲಲ್ಲದೆ ಸದರಿ ಶಕ್ತಿಯನ್ನು ಬಳಸತಕ್ಕದ್ದಲ್ಲ. ಇದೆಲ್ಲ ಕಲ್ಪನಾಲೋಕಕ್ಕೆ ಮಾತ್ರ ಎಂದು ಅವರು ಎಲ್ಲಿಯೂ ಬರೆಯಲಿಲ್ಲ. ಒಂದು ಸುತ್ತೋಲೆ ಎಲ್ಲಿಗೆ ಅನ್ವಯಿಸುತ್ತದೆ ಎಂದು ಹೇಳಿಬಿಟ್ಟರೆ ಉಳಿದ ಕಡೆಯವರು ತಪ್ಪಿಸಿಕೊಳ್ಳುತ್ತಾರೆ ಎಂಬುದು ಅವರ ವೃತ್ತಿಜೀವನದ ಪಾಠ.

ಕೊನೆಯ ಚುಕ್ಕಿ ಇಟ್ಟು, ತಮ್ಮ ಬರಹವನ್ನು ತಾವೇ ಎರಡು ಸಲ ಓದಿ ಮೆಚ್ಚಿ, ಅವರು ಚಹಾ ಕುಡಿಯಲು ಹೋದರು. ಅವರ ಚಹಾ ಮುಕ್ಕಾಲು ಗಂಟೆಯ ಕೆಲಸ. ತಿರುಗಿ ಬಂದಾಗ ಕಾಗದ ಇರಲಿಲ್ಲ.

ಆದದ್ದು ಇಷ್ಟೇ. ಮೇಜಿನ ಎಡಗಡೆ ಇದ್ದದ್ದನ್ನೆಲ್ಲ ಟೈಪಿಸ್ಟಮ್ಮ ಎತ್ತಿಕೊಂಡು ಹೋಗುವುದು ವಾಡಿಕೆ. ಅಂದು ಎಡಗಡೆ ಬೀದಿನಾಯಿಗಳ ಗಣತಿಯ ಸುತ್ತೋಲೆ ಇತ್ತು. ಅದರ ಕೆಳಗೆ ಮಾಂತ್ರಿಕರದು. ಆಕೆ ಎರಡನ್ನೂ ಟೈಪ್ ಮಾಡಿದಳು. ಓದಿದಳೇ ಎಂದು ಮುಂದೊಂದು ದಿನ ಕರಡಪ್ಪನವರು ಕೇಳಿದಾಗ, “ಓದ್ತಾ ಕೂತ್ರೆ ಟೈಪ್ ಮಾಡೋದು ಯಾವಾಗ?” ಎಂದಳು. ಎರಡೂ ಸಾಹೇಬರ ಮೇಜಿಗೆ ಹೋದವು. ಸಾಹೇಬರು ಫೋನಿನಲ್ಲಿ ಮಾತಾಡುತ್ತ, ನಲವತ್ತು ಕಾಗದಗಳಿಗೆ ನಿಂತಲ್ಲೇ ರುಜು ಹಾಕಿ ಮುಗಿಸಿದರು. ಸಂಜೆಯ ಹೊತ್ತಿಗೆ ಹದಿನೇಳು ಬಡಾವಣೆ ಕಚೇರಿಗಳಿಗೆ ಸುತ್ತೋಲೆ ಹೊರಟಿತ್ತು.

ಕರಡಪ್ಪನವರು ಮೇಜಿನ ಕೆಳಗೆ, ಕುರ್ಚಿಯ ಕೆಳಗೆ, ಕೊನೆಗೆ ಟೈಪಿಸ್ಟಮ್ಮನ ಊಟದ ಡಬ್ಬಿಯ ಕೆಳಗೂ ನೋಡಿದರು. “ಎಲ್ಲೋ ಇಟ್ಟು ಮರೆತೆ,” ಎಂದು ಮಗಳಿಗೆ ಹೇಳಿದರು. ಮಗಳು ದುಃಖಪಟ್ಟಂತೆ ಕಾಣಲಿಲ್ಲ.

ಒಂಬತ್ತನೆಯ ದಿನ ಮೊದಲ ಉತ್ತರ ಬಂತು. ‘ನಮ್ಮ ವ್ಯಾಪ್ತಿಯಲ್ಲಿ ಬೀದಿನಾಯಿಗಳು ನಾನೂರ ಆರು. ಜನ್ಮಜಾತ ಮಾಂತ್ರಿಕರು ಶೂನ್ಯ.’ ಕರಡಪ್ಪನವರು ಅದನ್ನು ಓದಿ, ಕನ್ನಡಕ ಒರೆಸಿ, ಮತ್ತೆ ಓದಿದರು. ಎರಡನೆಯ ಕಚೇರಿ ‘ಸದರಿ ಮಾಂತ್ರಿಕರು ಹೋದ ವರ್ಷವೇ ಮನೆ ಖಾಲಿ ಮಾಡಿರುತ್ತಾರೆ’ ಎಂದಿತ್ತು. ಮೂರನೆಯದು ಮಾಂತ್ರಿಕರನ್ನು ಹಿಡಿಯಲು ಒಂದು ಜೀಪು ಮತ್ತು ನಾಲ್ಕು ಜನರನ್ನು ಕೇಳಿತ್ತು. ಹದಿನೇಳು ಕಚೇರಿಗಳಲ್ಲಿ ಒಂದಾದರೂ ‘ನಿಮಗೆ ತಲೆ ಸರಿ ಇದೆಯೇ’ ಎಂದು ಕೇಳಿರಲಿಲ್ಲ.

ನಿಜ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿಕೊಂಡು ಅವರು ಸಾಹೇಬರ ಕೋಣೆಗೆ ಹೋದರು. ಸಾಹೇಬರು ಆಗಷ್ಟೇ ಫೋನ್ ಇಟ್ಟು ಬೆವರು ಒರೆಸಿಕೊಳ್ಳುತ್ತಿದ್ದರು.

“ಸಾರ್, ಆ ಮಾಂತ್ರಿಕರ ಸುತ್ತೋಲೆ…”

“ಅದೇ ವಿಷಯ. ಮೇಲಿನವರು ಫೋನ್ ಮಾಡಿದ್ರು. ಇದೇನ್ರೀ, ಹೊಸದಾಗಿದೆಯಲ್ಲ, ಅಂದ್ರು. ತುಂಬಾ ದಿನ ಯೋಚನೆ ಮಾಡಿ ಹೊರಡಿಸಿದ್ದೀನಿ ಸಾರ್, ಅಂದೆ. ಭೇಷ್ ಅಂದ್ರು.” ಸಾಹೇಬರು ದನಿ ತಗ್ಗಿಸಿದರು. “ಅದನ್ನ ನಾನು ಯಾಕೆ ಹೊರಡಿಸಿದೆ ಕರಡಪ್ಪನವರೇ?”

ಈ ಪ್ರಶ್ನೆಗೆ ಮೂರು ಸಣ್ಣ ವಾಕ್ಯಗಳ ಉತ್ತರ ಸಾಕಿತ್ತು. ಕರಡಪ್ಪನವರಿಗೆ ಸಣ್ಣ ವಾಕ್ಯಗಳ ಅಭ್ಯಾಸವಿರಲಿಲ್ಲ.

“ಸಾರ್, ಸಾರ್ವಜನಿಕ ಹಿತದೃಷ್ಟಿಯಿಂದ ಅಂತ…”

“ಹಾಗೇ ಇಟ್ಕೊಳ್ಳೋಣ. ಆದ್ರೆ ಎಲ್ಲರೂ ಶೂನ್ಯ ಶೂನ್ಯ ಅಂತಿದ್ದಾರೆ. ಯಾರೂ ಇಲ್ಲ ಅಂದ್ಮೇಲೆ ಸುತ್ತೋಲೆ ಯಾಕೆ ಅಂತ ಮೇಲಿನವರು ಕೇಳಲ್ವೇ? ಒಂದು ಜ್ಞಾಪನ ಬರೀರಿ. ಶೂನ್ಯ ಅನ್ನೋ ಉತ್ತರ ತಗೊಳ್ಳೋದಿಲ್ಲ ಅನ್ನಿ. ಮಾಂತ್ರಿಕರು ಅಂದ್ರೆ ಯಾರು ಅಂತಲೂ ಸ್ವಲ್ಪ ವಿವರಿಸಿ. ಪಾಪ, ಜನಕ್ಕೆ ಗೊತ್ತಾಗ್ತಿಲ್ಲ.”

ಮೊದಲನೆಯದು ಕೈತಪ್ಪಿ ಹೋದದ್ದು ಎನ್ನೋಣ. ಎರಡನೆಯದನ್ನು ಕರಡಪ್ಪನವರು ಕಣ್ಣು ತೆರೆದುಕೊಂಡು ಬರೆದರು. ಬರೆಯುತ್ತ ಬರೆಯುತ್ತ ಭಯ ಹೋಯಿತು, ನಾಲಗೆ ತುಟಿಯ ಮೂಲೆಗೆ ಬಂತು. ಇಡೀ ಮಧ್ಯಾಹ್ನ ಕೂತು ಒಂದು ವ್ಯಾಖ್ಯೆ ಕಡೆದರು: ‘ಜನ್ಮಜಾತ ಮಾಂತ್ರಿಕರೆಂದರೆ, ಯಾವುದೇ ಕೆಲಸವನ್ನು, ಸಾಮಾನ್ಯರಿಗೆ ಸಾಧ್ಯವಿರುವುದಕ್ಕಿಂತ ಅನುಮಾನಾಸ್ಪದವಾಗಿ ಚೆನ್ನಾಗಿ ಮಾಡುವವರು.’ ಅದನ್ನು ಓದಿದ ಸಾಹೇಬರು (ಈ ಸಲ ಓದಿದರು) “ಎಂಥಾ ಮಾತು ರೀ,” ಎಂದರು. ಕರಡಪ್ಪನವರು ಮನೆಗೆ ಹೋಗುವಾಗ ಸ್ವಲ್ಪ ಎತ್ತರವಾದಂತೆ ನಡೆದರು.

ಆ ಒಂದು ವಾಕ್ಯ ಊರಿನಲ್ಲಿ ಮಾಡಿದ ಕೆಲಸ ಅಷ್ಟಿಷ್ಟಲ್ಲ. ಚೆನ್ನಾಗಿ ಕೆಲಸ ಮಾಡುವವರ ಮೇಲೆ ಜನಕ್ಕೆ ಮೊದಲಿನಿಂದಲೂ ಅನುಮಾನವಿತ್ತು. ಅದಕ್ಕೆ ಈಗ ಒಂದು ಅರ್ಜಿ ನಮೂನೆ ಸಿಕ್ಕಿತು. ಕರಡಪ್ಪನವರ ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಬಡಾವಣೆಯಲ್ಲಿ ಮಾಂತ್ರಿಕರನ್ನು ಹುಡುಕುವ ಸಮಿತಿಗೆ ತಾವೇ ಅಧ್ಯಕ್ಷರಾಗಿ, ತಾವೇ ಅದಕ್ಕೆ ಅಭಿನಂದನೆ ಹೇಳಿಕೊಂಡು, ಕಂಕುಳಲ್ಲಿ ರಿಜಿಸ್ಟರು ಇಟ್ಟುಕೊಂಡು ಮನೆಮನೆಗೆ ತಿರುಗತೊಡಗಿದರು. ಇವರು ಕೆಲಸದಲ್ಲಿದ್ದ ಕಾಲದಲ್ಲಿ ಪಕ್ಕದ ಬೀದಿಯ ಕಾಗದ ಪಕ್ಕದ ಬೀದಿಗೆ ಸೇರಲು ಹನ್ನೆರಡು ದಿನ ಹಿಡಿಯುತ್ತಿತ್ತು.

ಒಂದೇ ವಾರದಲ್ಲಿ ಪಟ್ಟಿ ಬೆಳೆಯಿತು. ಇಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಮೆಕ್ಯಾನಿಕ್. ಅವನ ಹೆಸರು ಕೊಟ್ಟವರು ಉಳಿದ ಮೂವರು ಮೆಕ್ಯಾನಿಕ್‌ಗಳು. ಒಂದೇ ಚುಚ್ಚಿಗೆ ನರ ಹಿಡಿಯುವ ಆಸ್ಪತ್ರೆಯ ನರ್ಸು. ಗದರದೆ, ಹೊಡೆಯದೆ ಮಕ್ಕಳಿಗೆ ಲೆಕ್ಕ ಬರುವಂತೆ ಮಾಡುತ್ತಿದ್ದ ಮೇಷ್ಟ್ರು. ದೊಡ್ಡ ಕಚೇರಿಯಲ್ಲೂ ಹುಡುಕಿದರು. ಮೂರು ಮಹಡಿ, ಇನ್ನೂರ ಹತ್ತು ಜನ. ಅನುಮಾನ ಬರುವಂಥವರು ಒಬ್ಬರೂ ಸಿಗಲಿಲ್ಲ.

ಒಂದು ಬೆಳಿಗ್ಗೆ ಪೋಸ್ಟ್‌ಮಾಸ್ಟರು ಗೇಟಿನ ಬಳಿಯೇ ಕರಡಪ್ಪನವರನ್ನು ಹಿಡಿದರು. “ಬೇಜಾರು ಮಾಡ್ಕೋಬೇಡಿ. ನಿಮ್ಮ ನಾದಿನಿ ಹೆಸರು ಬಂದಿದೆ.”

“ಟೈಲರಮ್ಮನದಾ? ಯಾಕೆ?”

“ಅಳತೆ ಪಟ್ಟಿ ಮುಟ್ಟೋದೇ ಇಲ್ಲವಂತೆ. ಸುಮ್ಮನೆ ನೋಡ್ತಾಳೆ, ಹೊಲೀತಾಳೆ, ಸರಿಯಾಗಿ ಕೂರುತ್ತೆ. ನೀವೇ ಹೇಳಿ, ಹಾಗೆ ಕೂರುತ್ತಾ? ನನ್ನ ಕೋಟು ಮೂರು ಟೈಲರ್ ಹತ್ರ ಹೋಗಿ ಬಂದಿದೆ, ಇವತ್ತಿಗೂ ಕೂತಿಲ್ಲ. ನಾವೆಲ್ಲ ಕಷ್ಟಪಟ್ಟು ಕಲಿತು ಕೆಟ್ಟದಾಗಿ ಮಾಡ್ತೀವಿ. ಅವರು ಕಲೀದೆ ಚೆನ್ನಾಗಿ ಮಾಡಿಬಿಟ್ರೆ ಇದರಲ್ಲಿ ನ್ಯಾಯ ಎಲ್ಲಿ ಬಂತು?”

ಕರಡಪ್ಪನವರು ಬಾಯಿ ತೆರೆದರು. ಅನುಮಾನಾಸ್ಪದವಾಗಿ ಚೆನ್ನಾಗಿ ಎಂಬ ತಮ್ಮದೇ ಮಾತು ಅಡ್ಡ ಬಂತು. ಕಚೇರಿಗೆ ಹೊತ್ತಾಯಿತು ಎಂದು ಗೇಟು ದಾಟಿದರು.

ಪರಿಶೀಲನೆಗೆಂದು ತಪಾಸಣಾಧಿಕಾರಿ ಬಂದರು. ಹಿಂದಿನ ವಾರದವರೆಗೆ ಅವರು ನಾಯಿ ಹಿಡಿಯುವ ವಿಭಾಗದಲ್ಲಿದ್ದರು. ಹಿಡಿಯುವ ಅನುಭವವಿದೆ ಎಂದು ಇಲ್ಲಿಗೆ ಹಾಕಿದ್ದರು. ಜೊತೆಗೆ ಪಂಚನಾಮೆ ಬರೆಯಲು ಕರಡಪ್ಪನವರೇ ಹೋಗಬೇಕೆಂದು ಸಾಹೇಬರ ಅಪ್ಪಣೆಯಾಯಿತು.

ನಾದಿನಿಯ ಅಂಗಡಿ ಹತ್ತು ಅಡಿ ಅಗಲದ ಒಂದು ಕೋಣೆ. ಬಾಗಿಲ ಬೆಳಕಿಗೆ ಮೆಷಿನ್, ಹಿಂದೆ ಕತ್ತರಿಸುವ ಮೇಜು, ಗೋಡೆಗೆ ನೂಲಿನ ಉಂಡೆಗಳ ಸಾಲು. ಮೇಜಿನ ಮೇಲೆ ಆಸ್ಪತ್ರೆಯ ಬಿಳಿ ಬಟ್ಟೆಯ ದೊಡ್ಡ ಗಂಟು: ಅರವತ್ತು ನರ್ಸುಗಳ ಸಮವಸ್ತ್ರ. ಅಂಗಡಿ ತೆರೆದು ಆರು ವರ್ಷಕ್ಕೆ ಬಂದ ಮೊದಲ ದೊಡ್ಡ ಕೆಲಸ ಅದು.

“ಬನ್ನಿ ಭಾವ, ಇದೇನು ಈ ಹೊತ್ತಲ್ಲಿ?” ಎಂದು ಆಕೆ ಸ್ಟೂಲು ಒರೆಸಿ ಕೊಟ್ಟಳು.

ತಪಾಸಣಾಧಿಕಾರಿ ಸ್ಟೂಲಿನ ಮೇಲೆ ಕೂರಲಿಲ್ಲ. “ನನ್ನ ಅಳತೆ ಹೇಳಿ. ಪಟ್ಟಿ ಮುಟ್ಟಬಾರದು.”

ಆಕೆ ಒಮ್ಮೆ ನೋಡಿದಳು. “ನಡು ನಲವತ್ತೊಂದೂವರೆ. ನೀವು ಎಲ್ಲ ಕಡೆ ಮೂವತ್ತೆಂಟು ಅಂತ ಹೇಳ್ತೀರಿ, ಅದಕ್ಕೇ ಆ ಗುಂಡಿ ಅಷ್ಟು ಕಷ್ಟಪಡ್ತಿದೆ. ಎಡಗೈ ಬಲಗೈಗಿಂತ ಮುಕ್ಕಾಲು ಇಂಚು ಉದ್ದ.”

ಕರಡಪ್ಪನವರು ಪಟ್ಟಿ ಹಿಡಿದು ಅಳೆದರು. ಎಲ್ಲವೂ ಕೂದಲೆಳೆಯಷ್ಟೂ ಆಚೀಚೆ ಆಗದೆ ಹಾಗೇ ಇತ್ತು. ತಪಾಸಣಾಧಿಕಾರಿ ಹೊಟ್ಟೆ ಒಳಗೆಳೆದುಕೊಂಡು ನೋಡಿದರು. ಆಗಲೂ ನಲವತ್ತೊಂದಕ್ಕೆ ಇಳಿಯಲಿಲ್ಲ.

“ಇದನ್ನ ಎಲ್ಲಿ ಕಲಿತಿರಿ?” ಎಂದು ಅವರು ಗಡುಸಾಗಿ ಕೇಳಿದರು.

“ಎಲ್ಲೂ ಇಲ್ಲ. ಚಿಕ್ಕಂದಿನಿಂದ ಹೀಗೇ. ನೋಡಿದ್ರೆ ಗೊತ್ತಾಗುತ್ತೆ.”

“ತಪ್ಪು ಒಪ್ಪಿಕೊಂಡಿದ್ದಾರೆ, ಬರ್ಕೊಳ್ಳಿ,” ಎಂದು ತಪಾಸಣಾಧಿಕಾರಿ ಕರಡಪ್ಪನವರಿಗೆ ಹೇಳಿದರು.

ನಾದಿನಿ ಮೊದಲು ನಕ್ಕಳು. ಆಮೇಲೆ ಇಬ್ಬರ ಮುಖವನ್ನೂ ನೋಡಿ ನಗು ನಿಲ್ಲಿಸಿದಳು. “ಭಾವ, ನೀವಾದ್ರೂ ಹೇಳಿ.”

ಭಾವ ಗೋಡೆಯ ನೂಲಿನ ಉಂಡೆಗಳನ್ನು ನೋಡುತ್ತಿದ್ದರು. ಅಷ್ಟು ಗಮನವಿಟ್ಟು ಅವರು ನೂಲನ್ನು ಹಿಂದೆಂದೂ ನೋಡಿರಲಿಲ್ಲ. ಪಂಚನಾಮೆ ಮಾತ್ರ ಎರಡು ಪುಟ ಬಂತು.

ಹಳದಿ ಹಲಗೆ ಮರುದಿನವೇ ಬಂತು. ಉಣ್ಣೆಯ ಕೈಗವಸು ಹಾಕಿಕೊಂಡು ಸೂಜಿಗೆ ನೂಲು ಪೋಣಿಸಿದವರು ಯಾರಾದರೂ ಇದ್ದರೆ ನಾದಿನಿಯ ಪಾಡು ಅವರಿಗೆ ಅರ್ಥವಾದೀತು. ಆರು ಅಡಿ ದೂರದಿಂದ ಗಿರಾಕಿಯನ್ನು ಅಳೆಯಲು ಆಕೆ ಪಟ್ಟಿಯ ತುದಿಯನ್ನು ಕೋಲಿಗೆ ಕಟ್ಟಬೇಕಾಯಿತು. ಸಾಕ್ಷಿಗೆಂದು ನೇಮಕವಾದವರು ಪೋಸ್ಟ್‌ಮಾಸ್ಟರು. ಅವರು ದಿನಾ ಬಂದು ಸ್ಟೂಲಿನ ಮೇಲೆ ಕೂತು, ಪತ್ರಿಕೆ ಓದಿ, ನಿದ್ದೆ ಹೋಗುತ್ತಿದ್ದರು. ಅವರು ನಿದ್ದೆಯಲ್ಲಿದ್ದಾಗ ಹೊಲಿದರೆ ಸಾಕ್ಷಿಯಿಲ್ಲದೆ ಶಕ್ತಿ ಬಳಸಿದಂತಾಗುತ್ತಿತ್ತು; ಆದ್ದರಿಂದ ಅವರು ಏಳುವವರೆಗೆ ಮೆಷಿನ್ ನಿಲ್ಲಬೇಕು. ಹಲಗೆ ನೋಡಿದ ಗಿರಾಕಿಗಳು ಬೀದಿಯ ಆಚೆ ಬದಿಯಿಂದ ನಡೆಯತೊಡಗಿದರು. ಹತ್ತು ದಿನಕ್ಕೆ ಆಸ್ಪತ್ರೆಯವರು ಬಿಳಿ ಬಟ್ಟೆಯ ಗಂಟನ್ನು ಎತ್ತಿಸಿಕೊಂಡು ಹೋಗಿ ಇನ್ನೊಬ್ಬ ಟೈಲರನಿಗೆ ಕೊಟ್ಟರು. ಅವನ ಮೇಲೆ ಯಾರಿಗೂ ಎಂದೂ ಅನುಮಾನ ಬಂದಿರಲಿಲ್ಲ.

ಆ ಸಂಜೆ ಕರಡಪ್ಪನವರು ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಮಗಳು ಮಾತ್ರ ಕುರ್ಚಿಯ ಮೇಲೆ ಕೂತಿದ್ದಳು. ಕೈಯಲ್ಲಿ ಚಿಕ್ಕಮ್ಮನ ಅಂಗಡಿಯ ಬಾಗಿಲಿಂದ ಕಿತ್ತು ತಂದ ಸುತ್ತೋಲೆ.

“ಅಪ್ಪ, ‘ಒಂದು ವೇಳೆ ಹಾಗಿಲ್ಲದಿದ್ದ ಪಕ್ಷದಲ್ಲಿ ಹಾಗಿರುವಂತೆಯೇ ಭಾವಿಸಿ’ ಅಂತ ಇದೆ. ಈ ಊರಲ್ಲಿ ಹೀಗೆ ಬರೆಯೋರು ಎಷ್ಟು ಜನ ಇದ್ದಾರೆ?”

ಕರಡಪ್ಪನವರು ಚಪ್ಪಲಿ ಬಿಡುವುದಕ್ಕೆ ತುಂಬಾ ಹೊತ್ತು ತೆಗೆದುಕೊಂಡರು. “ನಿನ್ನ ಚರ್ಚೆಗೆ ಅಂತ ಬರೆದದ್ದಮ್ಮ. ಕೈತಪ್ಪಿ ಹೋಯ್ತು.”

“ಎರಡನೇದೂ ಕೈತಪ್ಪಿತಾ?”

“ಅದು ಮೇಲಿನವರ ಅಪ್ಪಣೆ.”

“ಹೋಗಿ ನಿಜ ಹೇಳಿ.”

“ಹೇಳಿದ್ರೆ ಸಾಹೇಬ್ರು ಸುಳ್ಳು ಹೇಳಿದ ಹಾಗಾಗುತ್ತೆ. ಅವರು ಸುಳ್ಳು ಹೇಳಿದ್ರೆ ಮೇಲಿನವರು ಭೇಷ್ ಅಂದದ್ದು ತಪ್ಪಾಗುತ್ತೆ. ಇಷ್ಟು ದೊಡ್ಡ ಕಟ್ಟಡ ಒಬ್ಬ ಟೈಲರಮ್ಮನ ಕೈಗವಸಿಗೋಸ್ಕರ…”

ಅಡುಗೆಮನೆಯಲ್ಲಿ ಒಂದು ಪಾತ್ರೆ ಜೋರಾಗಿ ಕೆಳಗೆ ಬಿತ್ತು. ಅದು ಬಿದ್ದದ್ದಲ್ಲ ಎಂದು ಕರಡಪ್ಪನವರಿಗೂ ಗೊತ್ತಾಯಿತು. ಮಾತು ಅಲ್ಲಿಗೆ ನಿಂತಿತು. ಹೆಂಡತಿಯ ಮಾತಂತೂ ಅಂದಿನಿಂದ ಹದಿನಾರು ದಿನ ನಿಂತಿತು.

ಚರ್ಚಾಸ್ಪರ್ಧೆಯ ದಿನ ಬಂತು. ವಿಷಯಕ್ಕೆ ಇವರಿಗಿಂತ ತಜ್ಞರು ಯಾರಿದ್ದಾರೆ ಎಂದು ಕಾಲೇಜಿನವರು ಸಾಹೇಬರನ್ನೇ ಅಧ್ಯಕ್ಷತೆಗೆ ಕರೆದಿದ್ದರು. ಪಕ್ಕದಲ್ಲಿ ತಪಾಸಣಾಧಿಕಾರಿ, ಅವರ ಪಕ್ಕದಲ್ಲಿ ಪೋಸ್ಟ್‌ಮಾಸ್ಟರು. ಕರಡಪ್ಪನವರು ಮೂರನೆಯ ಸಾಲಿನಲ್ಲಿ ಕೂತರು. ಅವರ ಎರಡೂ ಕಡೆಯ ಕುರ್ಚಿ ಖಾಲಿ. ಹೆಂಡತಿ ಮತ್ತು ನಾದಿನಿ ಹಿಂದಿನ ಸಾಲಿಗೆ ಹೋಗಿದ್ದರು.

ನಿರ್ಬಂಧ ಬೇಕು ಎಂದವನು ಚೆನ್ನಾಗಿಯೇ ಮಾತಾಡಿದ. ಒಂದು ಕಲ್ಪನಾಲೋಕ, ಅಲ್ಲೊಬ್ಬ ಸಿಟ್ಟಿನ ಮಾಂತ್ರಿಕ, ಅವನು ಕಣ್ಣು ಬಿಟ್ಟರೆ ಊರು ಸುಟ್ಟುಹೋಗುತ್ತದೆ, ಊರಿನವರು ಏನು ಮಾಡಬೇಕು ಎಂದು ಕೇಳಿದ. ಸಾಹೇಬರು ತಲೆದೂಗಿದರು.

ಕರಡಪ್ಪನವರ ಮಗಳು ಎದ್ದಳು. “ಊರು ಸುಟ್ಟವನಿಗೆ ಶಿಕ್ಷೆ ಕೊಡಿ, ನನ್ನ ತಕರಾರಿಲ್ಲ. ಸುಡಬಲ್ಲವನಿಗೆ ಕೊಡಬೇಡಿ. ಸುಡಬಲ್ಲವರು ಅಂತ ಹುಡುಕ್ತಾ ಹೋದ್ರೆ ಬೆಂಕಿಕಡ್ಡಿ ಇರೋ ಮನೆಯೆಲ್ಲ ಪಟ್ಟಿಗೆ ಬರುತ್ತೆ. ಆ ಲೋಕದಲ್ಲಿ ಬೆಂಕಿ ಬರೋ ಕೈಯನ್ನ ಕಂಡು ಎಲ್ಲರೂ ಹೆದರ್ತಾರೆ. ಚಳಿಗಾಲದಲ್ಲಿ ಅವನ ಮನೆ ಮುಂದೆ ಯಾಕೆ ಸಾಲು ನಿಲ್ತಾರೆ ಅಂತ ಮಾತ್ರ ಯಾರೂ ಹೇಳೋದಿಲ್ಲ.” ಆಕೆ ಜ್ಞಾಪನ ತೆಗೆದು ಆ ವ್ಯಾಖ್ಯೆಯನ್ನು ನಿಧಾನವಾಗಿ ಓದಿದಳು. “ಇದು ನಮ್ಮ ಲೋಕದ್ದು. ಚೆನ್ನಾಗಿ ಕೆಲಸ ಮಾಡೋರ ಪಟ್ಟಿ ಆಗಿದೆ. ನನ್ನ ಚಿಕ್ಕಮ್ಮ ಇದ್ದಾರೆ, ಮೆಕ್ಯಾನಿಕ್ ಇದ್ದಾರೆ, ಲೆಕ್ಕದ ಮೇಷ್ಟ್ರು ಇದ್ದಾರೆ. ವೇದಿಕೆ ಮೇಲಿರೋ ಹಿರಿಯರ ಹೆಸರು ಹುಡುಕಿದೆ, ಒಬ್ಬರದೂ ಇಲ್ಲ. ಅಂದ್ರೆ, ಇವರು ಯಾವ ಕೆಲಸವನ್ನೂ ಅನುಮಾನ ಬರೋಷ್ಟು ಚೆನ್ನಾಗಿ ಮಾಡಿಲ್ಲ ಅಂತ ಸರ್ಕಾರವೇ ಮೊಹರು ಹಾಕಿ ಬರೆದುಕೊಟ್ಟ ಹಾಗಾಯ್ತು. ನನಗೆ ಹೇಳೋಕೆ ಇರೋದು ಇಷ್ಟೇ.”

ಸಭೆ ಬಿದ್ದು ಬಿದ್ದು ನಕ್ಕಿತು. ನಗದವರು ಮೂವರೇ, ಮೂವರೂ ವೇದಿಕೆಯ ಮೇಲಿದ್ದರು. ಬಹುಮಾನ ಆಕೆಗೆ ಬರಲಿಲ್ಲ, ತೀರ್ಪು ಸಾಹೇಬರದು.

ಆಕೆಗೆ ಬೇಕಾಗಿದ್ದದ್ದು ಅವರಿಗೆ ನಾಚಿಕೆಯಾಗುವುದು. ಆದದ್ದು ಬೇರೆ. ಮರುದಿನ ಬೆಳಿಗ್ಗೆ ಪೋಸ್ಟ್‌ಮಾಸ್ಟರು ಕರಡಪ್ಪನವರ ಮೇಜಿಗೆ ಬಂದು ನಿಂತರು. “ಒಂದು ಅರ್ಜಿ ಬರೆದುಕೊಡಿ. ನನ್ನ ಹೆಸರು ಪಟ್ಟೀಲಿ ಬಿಟ್ಟುಹೋಗಿದೆ.”

“ನಿಮ್ಮಲ್ಲಿ ಏನು ಶಕ್ತಿ ಇದೆ?”

“ಲಕೋಟೆ ಮುಟ್ಟಿದ್ರೆ ಒಳಗೇನಿದೆ ಅಂತ ಗೊತ್ತಾಗ್ತಿತ್ತು.”

“ತೆರೆದು ನೋಡ್ತಿದ್ರಿ ಅಂತಾರಲ್ಲ?”

“ಆಮೇಲೆ ತೆರೀತಿದ್ದೆ. ಸರಿಯಾಗಿದೆಯಾ ಅಂತ.”

ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲಿನವರೆಗೆ ಸಾಲು. ಗುತ್ತಿಗೆದಾರರು, ಮುಖಂಡರು, ಮುಖಂಡರ ಭಾವಮೈದುನರು. ಪ್ರತಿಯೊಬ್ಬರ ಕೈಯಲ್ಲೂ ಶಿಫಾರಸು ಪತ್ರ. ತಪಾಸಣಾಧಿಕಾರಿ ತಾನು ನಾಯಿಗಳ ಮನಸ್ಸು ಓದಬಲ್ಲೆ ಎಂದು ಬರೆದರು. ಸಂಜೆ ಸಾಹೇಬರು ಕರಡಪ್ಪನವರನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು.

“ನನ್ನಲ್ಲೂ ಒಂದು ಶಕ್ತಿ ಇದೆ ಅಂತ ನನಗೆ ಮೊದಲಿಂದ ಅನುಮಾನ ಇತ್ತು ಕರಡಪ್ಪನವರೇ. ಕಡತ ಓದದೇನೇ ಅದರಲ್ಲಿ ಏನಿದೆ ಅಂತ ತಿಳಿದು ರುಜು ಹಾಕ್ತೀನಿ. ಎಷ್ಟು ವರ್ಷದಿಂದ ನೋಡ್ತಿದ್ದೀರಿ, ಒಂದಾದರೂ ತಪ್ಪಾಗಿದೆಯಾ?”

ಆ ಕೋಣೆಯಲ್ಲಿ ಆಗ ಈ ಪ್ರಶ್ನೆಗೆ ಉತ್ತರ ಗೊತ್ತಿದ್ದ ಒಬ್ಬನೇ ಮನುಷ್ಯ ನಿಂತಿದ್ದ. “ಇಲ್ಲ ಸಾರ್,” ಎಂದು ಅವನು ಹೇಳಿದ.

ಪಟ್ಟಿಯಲ್ಲಿ ಸಾಹೇಬರ ಹೆಸರು ಒಂದನೆಯದಾಯಿತು. ಆದರೆ ಸಾಹೇಬರು ಮಾಂತ್ರಿಕರಾದ ಮೇಲೆ ಉಣ್ಣೆಯ ಕೈಗವಸು ಹಾಕಿಕೊಳ್ಳಬೇಕಲ್ಲ. ಹಾಕಿಕೊಂಡರು. ಪೆನ್ನು ಹಿಡಿಯಲಾಗಲಿಲ್ಲ. ಕಚೇರಿಯ ಕೆಲಸ ಪೂರ್ತಿ ನಿಂತಿತು; ನಿಂತಿದೆ ಎಂದು ಹೊರಗಿನವರಿಗೆ ಗೊತ್ತಾಗಲು ಹನ್ನೊಂದು ದಿನ ಬೇಕಾಯಿತು. ಮೂರನೆಯ ಸುತ್ತೋಲೆ ಹೊರಟಿತು. ಅದರ ಕರಡೂ ಕರಡಪ್ಪನವರದೇ. ಕೈಗವಸು ಇನ್ನು ಮುಂದೆ ಸಮಾರಂಭಗಳಿಗೆ ಮಾತ್ರ, ರೇಷ್ಮೆಯದು. ಹಳದಿ ಹಲಗೆಯ ಬದಲು ಹಿತ್ತಾಳೆ ಫಲಕ. ಆರು ಅಡಿ ದೂರ ನಿಲ್ಲಬೇಕಾದವರು ಈಗ ಜನ; ಮಾಂತ್ರಿಕರು ಬಂದಾಗ ದಾರಿ ಬಿಡತಕ್ಕದ್ದು. ಮತ್ತು ಕೊನೆಯ ಸಾಲು: ಸೂಕ್ತ ಪ್ರಮಾಣಪತ್ರ, ಶಿಫಾರಸು ಇಲ್ಲದ ಹೆಸರುಗಳನ್ನು ಪಟ್ಟಿಯಿಂದ ತೆಗೆಯತಕ್ಕದ್ದು.

ಮೆಕ್ಯಾನಿಕ್ ಹೋದ. ನರ್ಸು ಹೋದಳು. ಮೇಷ್ಟ್ರು ಹೋದರು. ‘ಅಳತೆ ಪಟ್ಟಿ ಬಳಸಲು ಬಾರದ ಕಾರಣ ಅನರ್ಹ’ ಎಂಬ ಷರಾದೊಂದಿಗೆ ಟೈಲರಮ್ಮನೂ ಹೋದಳು. ಅವರ ಕೆಲಸಗಳು ಮರುದಿನ ಮತ್ತೆ ಶುರುವಾದವು. ಊರಿನ ಗಾಡಿಗಳು ಓಡತೊಡಗಿದವು.

ಕರಡಪ್ಪನವರೂ ಒಂದು ಅರ್ಜಿ ಹಾಕಿದ್ದರು ಎಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಕರಡು ಬರೆಯುವ ಶಕ್ತಿ, ಹುಟ್ಟಿನಿಂದ. ಶಿಫಾರಸು ಸಾಲದೆಂದು ಅದು ತಿರಸ್ಕೃತವಾಯಿತು. ತಿರಸ್ಕಾರದ ಪತ್ರದ ಕರಡನ್ನು ಬರೆಯಬೇಕಾದವರೂ ಅವರೇ. ಮೂರು ದಿನ ಹಿಡಿಯಿತು.

ಅದಾದ ಮೇಲೆ ಒಂದು ಭಾನುವಾರ ಅವರು ನಾದಿನಿಯ ಅಂಗಡಿಗೆ ಹೋದರು. ಹೆಂಡತಿ ಹದಿನೇಳನೆಯ ದಿನ ಬಾಯಿ ತೆರೆದು ಆಡಿದ ಮೊದಲ ಮಾತೇ “ಅವಳ ಹತ್ರ ಹೋಗಿ ಹೇಳಿ ಬನ್ನಿ. ಅಲ್ಲೀವರೆಗೂ ಇಷ್ಟೇ,” ಎಂದಾಗಿತ್ತು. ಹೊರಡುವ ಮೊದಲು ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆದುಕೊಂಡಿದ್ದರು. ಮಗಳು ಅದನ್ನು ಕೇಳಿ ತೆಗೆದುಕೊಂಡು, ಮಡಚಿ ತನ್ನ ಪುಸ್ತಕದೊಳಗೆ ಇಟ್ಟುಕೊಂಡಳು.

ನಾದಿನಿ ಮೆಷಿನ್ ಮುಂದೆ ಇದ್ದಳು. ಕರಡಪ್ಪನವರು ಬಾಗಿಲಲ್ಲೇ ನಿಂತು, “ಅದನ್ನ ಬರೆದದ್ದು ನಾನು. ಎರಡನೇದೂ ನಾನೇ,” ಎಂದರು. ಅವರ ಜೀವನದ ಅತಿ ಸಣ್ಣ ವಾಕ್ಯಗಳು ಇವು.

“ಗೊತ್ತು ಭಾವ.”

“ಮಗಳು ಹೇಳಿದಳಾ?”

“ಇಲ್ಲ. ಅವತ್ತು ಆ ಮನುಷ್ಯನ ಜೊತೆ ಬಂದಿರಲ್ಲ, ನಿಮ್ಮ ಭುಜ ಎರಡೂ ಒಂದೊಂದು ಇಂಚು ಕೆಳಗೆ ಬಂದಿತ್ತು. ನಿಮ್ಮ ಆಮಂತ್ರಣ ಪತ್ರ ಓದಿ ನೆಂಟರು ಸಮಾಧಾನ ಹೇಳೋಕೆ ಬಂದ ದಿನವೂ ಅಷ್ಟು ಬಂದಿರಲಿಲ್ಲ.”

ಬೈದಿದ್ದರೆ ಕರಡಪ್ಪನವರು ವಿವರಣೆ ಕೊಡಬಹುದಿತ್ತು. ಆಕೆ ಬೈಯದೆ ಹಿಂದಿನ ಮೇಜನ್ನು ತೋರಿಸಿದಳು. ಅಲ್ಲಿ ಆ ಬಿಳಿ ಗಂಟು ವಾಪಸು ಬಂದು ಕೂತಿತ್ತು. ಇನ್ನೊಬ್ಬ ಟೈಲರ್ ಹೊಲಿದ ಅರವತ್ತು ಸಮವಸ್ತ್ರಗಳಲ್ಲಿ ಒಂದೂ ಯಾವ ನರ್ಸಿಗೂ ಹಿಡಿಸಿರಲಿಲ್ಲ. ಕೆಲವಕ್ಕೆ ಕೈ ಎತ್ತಿದರೆ ತೋಳು ಜೊತೆಗೆ ಬರುತ್ತಿರಲಿಲ್ಲ, ಕೆಲವಕ್ಕೆ ಕೈ ಇಳಿಸಿದರೆ.

“ಕೆಟ್ಟಿರೋದನ್ನೆಲ್ಲ ಬಿಚ್ಚಿ ಹೊಸದಾಗಿ ಹೊಲೀಬೇಕು. ಹೊಲಿಯೋದು ನಾನು. ಬಿಚ್ಚೋಕೆ ಒಬ್ಬರು ಬೇಕು,” ಎಂದು ಆಕೆ ಒಂದು ಸಣ್ಣ ಕತ್ತರಿ ಚಾಚಿದಳು. “ಕೂತ್ಕೊಳ್ಳಿ ಭಾವ. ಬಟ್ಟೆ ಹರೀಬಾರದು.”

ಕರಡಪ್ಪನವರು ಕೂತರು. ಮೊದಲ ಭಾನುವಾರ ನಾಲ್ಕು ತೋಳು ಬಿಚ್ಚಿದರು, ನಾಲ್ಕನ್ನೂ ಹರಿದರು. ಎರಡನೆಯ ಭಾನುವಾರ ಮೂರು ಹರಿದರು, ಒಂದು ಬೆರಳು ಕೊಯ್ದುಕೊಂಡರು. ಮಾತು ಕಡಿಮೆಯಾಯಿತು. ಮೂರನೆಯ ಭಾನುವಾರ ಮಧ್ಯಾಹ್ನ, ಬಾಗಿಲ ಬೆಳಕಿಗೆ ಬಾಗಿ, ಉಸಿರು ಬಿಗಿಹಿಡಿದು, ಒಂದು ಇಡೀ ತೋಳನ್ನು ಎಲ್ಲೂ ಒಂದು ಎಳೆ ಕೂಡ ಕೀಳದಂತೆ, ಒಂದೊಂದೇ ಹೊಲಿಗೆಯನ್ನು ಬಿಡಿಸಿ ಬೇರ್ಪಡಿಸಿದರು. ಅದನ್ನು ಎರಡೂ ಕೈಯಲ್ಲಿ ಎತ್ತಿ ನಾದಿನಿಗೆ ತೋರಿಸಿದರು.

ಆಕೆ ಮೆಷಿನ್ ನಿಲ್ಲಿಸಿ ನೋಡಿದಳು.

“ಅದು ಸರಿಯಾಗಿದ್ದ ತೋಳು ಭಾವ,” ಎಂದಳು. “ಅರವತ್ತು ಜೊತೆಯಲ್ಲಿ ಅದೊಂದೇ.”